ನೀರ ದಾರಿಯಲ್ಲಿ ಬಂದ ಅತಿಥಿ

ಸಂಚಾರವೆಂಬುದು ನಮ್ಮ ಪರಂಪರೆಗೆ ಹೊಸದಲ್ಲ. ನಿಂತಲ್ಲಿ ನಿಲ್ಲದೆ ಊರಿಂದೂರಿಗೆ ನಡೆದು, ಕಂಡುದನ್ನು ಅರಿತು, ಅರಿತುದನ್ನು ಹಂಚುವವನನ್ನು ನಮ್ಮ ಹಿರಿಯರು ಜಂಗಮನೆಂದು ಕರೆದು, ಮನೆಯ ಬಾಗಿಲಿಗೆ ಬಂದು ಬರಮಾಡಿಕೊಂಡರು. ಇಂದು ಸಂಚಾರ ಪ್ರವಾಸವಾಗಿದೆ. ರಜೆ ಬಂದೊಡನೆ ಕುಟುಂಬಗಳು ಹೊರಡುತ್ತವೆ, ವಾಹನಗಳು ಓಡುತ್ತವೆ, ಭಾವಚಿತ್ರಗಳು ರಾಶಿ ಬೀಳುತ್ತವೆ. ಆದರೆ ಹೋದವನು ಏನನ್ನು ಕಂಡನು, ಬಂದವನಿಗೆ ನಾವು ಏನನ್ನು ತೋರಿಸಿದೆವು ಎಂಬ ಎರಡು ಪ್ರಶ್ನೆಗಳು ಬಹಳ ಸಲ ಉತ್ತರವಿಲ್ಲದೆ ಉಳಿಯುತ್ತವೆ.

ಉದ್ಯೋಗದ ನಿಮಿತ್ತ ಘಟ್ಟ ಇಳಿದು ಬಂದು ಮಂಗಳೂರಿನಲ್ಲಿ ನೆಲೆಸಿದ ನಮ್ಮಂಥ ಮನೆಗಳವರಿಗೆ ಈ ಪ್ರಶ್ನೆಗಳು ಮೇಲಿಂದ ಮೇಲೆ ಎದುರಾಗುತ್ತವೆ. ಇಲ್ಲಿಯವರ ಮಾತಿನಲ್ಲಿ ನಾವು ‘ಘಟ್ಟದವರು’. ಊರಿನಿಂದ ಬಂಧುಗಳು ಬಂದಾಗ ಅವರಿಗೆ ನಾವು ಇಲ್ಲಿಯವರು. ಹೀಗೆ ಅತಿಥಿಯೂ ಆತಿಥೇಯನೂ ಆಗಿ ಬಾಳುವವರಿಗೆ, ನಾಲ್ಕು ನೂರು ವರ್ಷಗಳ ಹಿಂದೆ ನೀರಿನ ದಾರಿಯಲ್ಲಿ ಈ ಊರಿಗೆ ಬಂದಿಳಿದ ಒಬ್ಬ ಪರದೇಶೀ ಪ್ರವಾಸಿಯ ಕಥೆ ಮನನಯೋಗ್ಯವಾದುದೆಂದು ತೋರಿ ಇಲ್ಲಿ ನಿರೂಪಿಸುತ್ತಿದ್ದೇವೆ.

ವೋಲ್ಗಾ ನದಿಯಿಂದ ಶ್ರೀಶೈಲದವರೆಗೆ

ನದಿಯ ಮೇಲೆ ಪ್ರವಾಸ ಎಂದೊಡನೆ ಲೋಕ ಇಂದು ನೆನೆಯುವ ದೇಶಗಳಲ್ಲಿ ರಷ್ಯಾ ಒಂದು. 3,530 ಕಿಲೋಮೀಟರ್ ಹರಿಯುವ ವೋಲ್ಗಾ ಯುರೋಪಿನ ಅತ್ಯಂತ ಉದ್ದವಾದ ನದಿ. 1937ರಲ್ಲಿ ಪೂರ್ಣಗೊಂಡ 128 ಕಿಲೋಮೀಟರ್ ಉದ್ದದ ಕಾಲುವೆ ಮಾಸ್ಕೋ ನಗರವನ್ನು ಈ ನದಿಗೆ ಜೋಡಿಸಿತು. 1964ರಲ್ಲಿ ಹೊಸದಾಗಿ ಕಟ್ಟಿದ ವೋಲ್ಗಾ–ಬಾಲ್ಟಿಕ್ ಜಲಮಾರ್ಗ ಸಿದ್ಧವಾದ ಮೇಲೆ ದೊಡ್ಡ ಹಡಗುಗಳು ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗಿನವರೆಗೆ ನೀರಿನ ಮೇಲೆಯೇ ಸಾಗತೊಡಗಿದವು. ಹಡಗೇ ಛತ್ರ, ಹಡಗೇ ಅಡುಗೆಮನೆ. ರಾತ್ರಿ ಮಲಗಿದ್ದಾಗ ಹಡಗು ನಡೆಯುತ್ತದೆ, ಬೆಳಿಗ್ಗೆ ಎದ್ದಾಗ ಮತ್ತೊಂದು ಊರಿನ ದಡ. ಕಲ್ಯಾಜಿನ್ ಎಂಬ ಊರಿನ ಬಳಿ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಚರ್ಚೊಂದರ ಗಂಟೆಗೋಪುರ ಮಾತ್ರ ನೀರಿನ ನಡುವೆ ಎದ್ದು ನಿಂತಿದೆ. ಒನೇಗಾ ಸರೋವರದ ಕಿಜಿ ದ್ವೀಪದಲ್ಲಿ 1714ರಲ್ಲಿ ಕಟ್ಟಿದ, 22 ಗುಮ್ಮಟಗಳ ಮರದ ಚರ್ಚು ಇದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವುದರಿಂದ ಬೇಸಗೆಯಿಂದ ಶರತ್ಕಾಲದವರೆಗೆ ಮಾತ್ರ ಈ ಯಾನ. 2022ರಲ್ಲಿ ಯುದ್ಧ ಆರಂಭವಾದ ಮೇಲೆ ಪಾಶ್ಚಾತ್ಯ ಸಂಸ್ಥೆಗಳು ಅಲ್ಲಿಂದ ಹಿಂದೆಗೆದುದರಿಂದ ಪರದೇಶೀ ಪ್ರವಾಸಿಗರ ಸಂಖ್ಯೆ ಕುಗ್ಗಿದೆ.

ಇದೇ ವೋಲ್ಗಾ ನದಿಯಲ್ಲಿ ದೋಣಿ ಇಳಿಸಿ ಹೊರಟ ಒಬ್ಬ ವ್ಯಾಪಾರಿ ನಮ್ಮ ಕನ್ನಡ ನೆಲವನ್ನು ತಲುಪಿದ್ದನೆಂಬುದು ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆವು. ಆತನ ಹೆಸರು ಅಫನಾಸಿ ನಿಕಿತಿನ್, ಊರು ವೋಲ್ಗಾ ದಡದ ತ್ವೇರ್. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಹೊರಟ ಆತನ ಸರಕನ್ನು ನದೀಮುಖದ ಅಸ್ತ್ರಖಾನಿನ ಬಳಿ ದರೋಡೆಕೋರರು ದೋಚಿದರು. ಬರಿಗೈಯಲ್ಲಿ ಊರಿಗೆ ಮರಳಲಾರದೆ ಪಾರಸೀಕ ದೇಶವನ್ನು ದಾಟಿ, ಒಂದು ಕುದುರೆಯನ್ನು ಮಾರಾಟಕ್ಕೆಂದು ಹಡಗಿನಲ್ಲಿ ತಂದು, ಪಶ್ಚಿಮ ಕರಾವಳಿಯಲ್ಲಿ ಇಳಿದು ಬಹಮನಿಗಳ ರಾಜಧಾನಿ ಬೀದರನ್ನು ಸೇರಿದ. ಅಲ್ಲಿಯ ಜನರೊಡನೆ ಬೆರೆತು, ಅವರ ಯಾತ್ರೆಯಲ್ಲಿ ತಾನೂ ಒಬ್ಬನಾಗಿ ‘ಪರ್ವತ’ವೆಂಬ ಪುಣ್ಯಕ್ಷೇತ್ರಕ್ಕೆ ಹೋದುದನ್ನು ಬರೆದಿಟ್ಟಿದ್ದಾನೆ. ಅದು ನಮ್ಮ ಶ್ರೀಶೈಲವೆಂದೂ ಯಾತ್ರೆ ಶಿವರಾತ್ರಿಯದೆಂದೂ ವಿದ್ವಾಂಸರು ಗುರುತಿಸಿದ್ದಾರೆ. ಕಲ್ಲಿನಲ್ಲಿ ಕೊರೆದ ಚಿತ್ರಗಳ ಗೋಡೆ, ಕರಿಯ ಶಿಲೆಯ ದೊಡ್ಡ ನಂದಿ ಇವೆರಡನ್ನೂ ಆತ ಮರೆತಿಲ್ಲ. ಊರಿಗೆ ಮರಳುವ ದಾರಿಯಲ್ಲಿಯೇ ತೀರಿಕೊಂಡನಾದರೂ ಆತನ ಬರಹ ಉಳಿಯಿತು. ತ್ವೇರ್ ನಗರದ ವೋಲ್ಗಾ ದಡದಲ್ಲಿ 1955ರಲ್ಲಿ ಸ್ಥಾಪಿಸಿದ ಆತನ ಪ್ರತಿಮೆಯನ್ನು ನದೀಯಾನದ ಪ್ರವಾಸಿಗರು ಇಂದೂ ನೋಡಬಹುದು.

ಸರಕು ಕಳೆದುಕೊಂಡವನ ಕೈಯಲ್ಲಿ ಕೊನೆಗೆ ಉಳಿದದ್ದು ತಾನು ಕಂಡುದರ ಲೆಕ್ಕ ಮಾತ್ರ. ಅಷ್ಟರಿಂದಲೇ ಆತನ ಹೆಸರು ಬಾಳಿತು.

ಪಣಂಬೂರಿನ ಒಂದು ದಿನದ ಅತಿಥಿಗಳು

ಈಗ ನಮ್ಮ ಮಂಗಳೂರಿಗೆ ಬರೋಣ. ಇಲ್ಲಿಯೂ ಪರದೇಶೀ ಪ್ರವಾಸಿಗರು ನೀರಿನ ದಾರಿಯಲ್ಲಿ ಬರುತ್ತಾರೆ, ಆದರೆ ನದಿಯಿಂದಲ್ಲ, ಕಡಲಿನಿಂದ. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ವಿಹಾರನೌಕೆಗಳು ಬಂದು ನಿಲ್ಲುವುದುಂಟು. ಹಲವು ಅಂತಸ್ತುಗಳ ಕಟ್ಟಡವೊಂದು ತೇಲಿ ಬಂದಂತೆ ಕಾಣುವ ಆ ಹಡಗಿನಿಂದ ಇಳಿದವರನ್ನು ಚೆಂಡೆಯ ಸದ್ದು, ಯಕ್ಷಗಾನದ ವೇಷ ಎದುರುಗೊಳ್ಳುತ್ತವೆ. ಬಸ್ಸುಗಳು ಸಾಲಾಗಿ ಹೊರಡುತ್ತವೆ. ಕದ್ರಿಯ ಮಂಜುನಾಥ, ಕುದ್ರೋಳಿಯ ಗೋಕರ್ಣನಾಥ, ಇಟಲಿಯ ಆಂಟೋನಿಯೊ ಮೊಸ್ಕೇನಿ ಅವರ ಚಿತ್ರಗಳಿರುವ ಸಂತ ಅಲೋಶಿಯಸ್ ಪ್ರಾರ್ಥನಾಲಯ, ಒಂದು ಗೋಡಂಬಿ ಕಾರ್ಖಾನೆ, ಪೇಟೆಯ ಒಂದು ಬೀದಿ, ಸಮಯವಿದ್ದರೆ ಮೂಡಬಿದಿರೆಯ ಸಾವಿರ ಕಂಬದ ಬಸದಿ. ಸಂಜೆಯ ಹೊತ್ತಿಗೆ ಹಡಗು ಹೊರಡುತ್ತದೆ, ಮರುದಿನ ಬೆಳಿಗ್ಗೆ ಅವರ ಮುಂದೆ ಬೇರೊಂದು ಬಂದರು.

ಕದ್ರಿಯ ಕೆರೆಯ ಬಳಿ ಇಂಥ ಗುಂಪುಗಳನ್ನು ನಾವು ಹಲವು ಸಲ ಕಂಡಿದ್ದೇವೆ. ವಯಸ್ಸಾದವರು, ಬಿಸಿಲಿಗೆ ಕೆಂಪೇರಿದ ಮುಖದವರು, ವಿನಯವಂತರು. ಮಾರ್ಗದರ್ಶಿ ಹಿಡಿದ ಸಣ್ಣ ಬಾವುಟದ ಹಿಂದೆ ನಡೆಯುತ್ತಾರೆ. ಪಾದರಕ್ಷೆ ಕಳಚಿ ಎಂದರೆ ಕಳಚುತ್ತಾರೆ. ಕೇಳಬೇಕೆಂದು ಒಂದು ಪ್ರಶ್ನೆ ಅವರ ತುಟಿಯವರೆಗೆ ಬರುವಷ್ಟರಲ್ಲಿ ಬಸ್ಸು ಹೊರಡುವ ಹೊತ್ತಾಗಿರುತ್ತದೆ. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕಾಶಿ, ರಾಮೇಶ್ವರವೆಂದು ಹೊರಟ ನಮ್ಮ ಬಸ್ಸು ಯಾತ್ರೆಗಳೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತವೆ. ಆದರೆ ಇದೇ ಊರಿನಲ್ಲಿ, ಇದೇ ಕದ್ರಿಯಲ್ಲಿ, 1623ರ ಡಿಸೆಂಬರಿನಲ್ಲಿ ಒಬ್ಬ ಪರದೇಶಿಯು ನಿಂತು, ಕೇಳಿ, ಬರೆದುಕೊಂಡು ಹೋದುದನ್ನು ಬಲ್ಲವರಿಗೆ ಹೋಲಿಕೆ ತಾನಾಗಿ ಮನಸ್ಸಿಗೆ ಬರುತ್ತದೆ.

ರೋಮಿನಿಂದ ಇಕ್ಕೇರಿಗೆ

ಪಿಯೆತ್ರೊ ಡೆಲ್ಲಾ ವಾಲೆ ಹುಟ್ಟಿದ್ದು 1586ರಲ್ಲಿ, ರೋಮಿನ ಶ್ರೀಮಂತ ಮನೆತನದಲ್ಲಿ. 1614ರಲ್ಲಿ ವೆನಿಸ್ಸಿನಿಂದ ಹೊರಟವನು ತುರ್ಕಿ, ಈಜಿಪ್ಟ್, ಬಾಗ್ದಾದ್, ಪಾರಸೀಕ ದೇಶಗಳಲ್ಲಿ ವರ್ಷಗಟ್ಟಲೆ ಸುತ್ತಿದ. ಬಾಗ್ದಾದಿನಲ್ಲಿ ಮಾನಿ ಎಂಬ ಕನ್ಯೆಯನ್ನು ವರಿಸಿದ. ಆಕೆ 1621ರ ಕೊನೆಯಲ್ಲಿ ಪಾರಸೀಕ ನೆಲದಲ್ಲಿ ತೀರಿಕೊಂಡಾಗ ಅಲ್ಲಿ ಮಣ್ಣು ಮಾಡಲು ಒಪ್ಪದೆ, ಲೇಪನ ಮಾಡಿಸಿದ ಆಕೆಯ ದೇಹವನ್ನು ಭಾರತಕ್ಕೂ ತಂದು, ಕೊನೆಗೆ ರೋಮಿಗೆ ಒಯ್ದು 1627ರಲ್ಲಿ ಸಮಾಧಿ ಮಾಡಿದ. ಅಂದಿನ ದಿನಗಳಲ್ಲಿ ಪರದೇಶಿಗಳು ನಮ್ಮ ಕರಾವಳಿಗೆ ಬರುತ್ತಿದ್ದುದು ಮೆಣಸಿಗಾಗಿ, ಯುದ್ಧಕ್ಕಾಗಿ, ಇಲ್ಲವೇ ಮತಪ್ರಚಾರಕ್ಕಾಗಿ. ಈ ಮೂರೂ ಕೆಲಸವಿಲ್ಲದೆ ನೋಡುವುದಕ್ಕಾಗಿಯೇ ಬಂದವನು ಈತ. ಕಂಡುದೆಲ್ಲವನ್ನೂ ನೇಪಲ್ಸ್ ನಗರದ ತನ್ನ ವೈದ್ಯ ಗೆಳೆಯನಿಗೆ ದೀರ್ಘವಾದ ಪತ್ರಗಳಲ್ಲಿ ಬರೆದ. ಆ ಪತ್ರಗಳೇ ಮುಂದೆ ಗ್ರಂಥವಾದವು.

1623ರ ಅಕ್ಟೋಬರಿನಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿದಾಗ ಡೆಲ್ಲಾ ವಾಲೆ ಆ ಪರಿವಾರದೊಡನೆ ಹೊರಟ. ಹೊನ್ನಾವರದವರೆಗೆ ಕಡಲಯಾನ. ಅಲ್ಲಿಂದ ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಯವರೆಗೆ ನದೀಯಾನ. ಎರಡೂ ದಡಗಳ ಹಸಿರನ್ನು ಕಂಡು ಆತ ಮನಸೋತ. ಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆಯುತ್ತಿದ್ದ ಅರಸಿಯ ಗೇರುಸೊಪ್ಪೆ ಆ ವೇಳೆಗೆ ಹಾಳುಬಿದ್ದು, ಅರಮನೆಯ ಮೇಲೆ ಕಾಡು ಬೆಳೆದಿತ್ತು. ಅದನ್ನೂ ಆತ ದಾಖಲಿಸಿದ.

ಘಟ್ಟ ಹತ್ತುವ ದಾರಿಯಲ್ಲಿ ಕಂಡ ಒಂದು ನೋಟ ನಮ್ಮ ಪಾಲಿಗೆ ಬಹು ಅಮೂಲ್ಯವಾದುದು. ಗುಡಿಯ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಕುಳಿತು ಲೆಕ್ಕ ಕಲಿಯುತ್ತಿದ್ದರು. ಪಾಠವನ್ನು ರಾಗವಾಗಿ ಹಾಡುತ್ತ, ನೆಲದ ಮೇಲೆ ಹರಡಿದ ಸಣ್ಣ ಮರಳಿನಲ್ಲಿ ಬೆರಳಿನಿಂದ ಬರೆಯುತ್ತ, ತುಂಬಿದಾಗ ಅಳಿಸಿ ಮತ್ತೆ ಮರಳು ಹರಡಿ ಮುಂದುವರಿಯುತ್ತಿದ್ದರು. ಡೆಲ್ಲಾ ವಾಲೆ ಅವರ ಬಳಿ ನಿಂತು, ಹೀಗೇಕೆ ಎಂದು ವಿಚಾರಿಸಿ, ಅವರು ಹೇಳಿದುದನ್ನು ಬರೆದುಕೊಂಡ. ಕಾಗದದ ಖರ್ಚಿಲ್ಲದ ಈ ಪದ್ಧತಿ ಆತನಿಗೆ ಬಹಳ ಮೆಚ್ಚಿಗೆಯಾಯಿತು. ಆ ಕಾಲದ ನಮ್ಮ ಮಕ್ಕಳು ಅಕ್ಷರ ಕಲಿತ ಬಗೆ ಕಣ್ಣಿಗೆ ಕಟ್ಟುವಂತೆ ಉಳಿದಿರುವುದು ಈ ಪರದೇಶಿಯ ಕುತೂಹಲದಿಂದ.

ಇಕ್ಕೇರಿಯಲ್ಲಿ ಅಗಲವಾದ ಬೀದಿಗಳನ್ನೂ ಅಘೋರೇಶ್ವರನ ದೇವಾಲಯವನ್ನೂ, ಬಣ್ಣದ ಕೋಲು ಹಿಡಿದು ಬೀದಿಯಲ್ಲಿ ಹಾಡುತ್ತ ಕೋಲಾಟವಾಡುವ ಹೆಣ್ಣುಮಕ್ಕಳ ತಂಡಗಳನ್ನೂ ಆತ ಕಂಡ. ಅರಸನು ಲಿಂಗವಂತನೆಂಬುದನ್ನು ತಿಳಿದುಕೊಂಡ. ‘ಲಿಂಗವಂತ’, ‘ಜಂಗಮ’ ಎಂಬ ಮಾತುಗಳನ್ನು ತನ್ನ ಭಾಷೆಯ ಲಿಪಿಯಲ್ಲಿ ತನಗೆ ಕೇಳಿಸಿದಂತೆ ಬರೆದ. ಎಲ್ಲವನ್ನೂ ಸರಿಯಾಗಿ ಅರ್ಥಮಾಡಿಕೊಂಡನೆಂದು ಹೇಳಲಾಗದು. ತನ್ನ ಮತದ ಅಭಿಮಾನ ಆತನ ಕಣ್ಣಿಗೆ ಅಲ್ಲಲ್ಲಿ ಪರದೆ ಕಟ್ಟಿದೆ. ಆದರೂ ನಮ್ಮ ಹಿರಿಯರ ಕೊರಳಿನ ಲಿಂಗವನ್ನು ಕಂಡು ಅದೇನೆಂದು ಕೇಳಿದ ಯುರೋಪಿಯನ್ನರಲ್ಲಿ ಈತ ಮೊದಲಿನ ಸಾಲಿನವನು.

ಅತಿಥಿಯ ಕಣ್ಣು ನಮ್ಮ ಹಿರಿಮೆಯನ್ನು ಮಾತ್ರ ಕಾಣುವುದಿಲ್ಲ. ಅದೇ ಇಕ್ಕೇರಿಯಲ್ಲಿ ಆತ ಒಬ್ಬ ವಿಧವೆಯನ್ನು ಭೇಟಿಯಾದ. ಭೇರಿ ಬಾರಿಸುವವನೊಬ್ಬನ ಹೆಂಡತಿ. ಗಂಡ ಸತ್ತು ಕೆಲವು ದಿನಗಳಾಗಿದ್ದವು, ಆಕೆ ಸಹಗಮನಕ್ಕೆ ಸಿದ್ಧಳಾಗಿದ್ದಳು. ಆತ ಬರೆದ ಹೆಸರನ್ನು ನಾವು ಜಕ್ಕಮ್ಮ ಎಂದು ಓದಬಹುದು. ಆಕೆಯ ಮನೆಗೇ ಹೋಗಿ, ಎಳೆಯ ಮಕ್ಕಳಿದ್ದಾರಲ್ಲ, ಏಕೆ ಸಾಯುತ್ತೀಯೆ ಎಂದು ಆತ ವಾದಿಸಿದ. ಆಕೆ ನಗುಮುಖದಿಂದ ಉತ್ತರಿಸಿದಳೇ ಹೊರತು ನಿರ್ಧಾರ ಬದಲಿಸಲಿಲ್ಲ. ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಬರೆಯುತ್ತೇನೆ ಎಂದಷ್ಟೇ ಆತ ಮಾತು ಕೊಡಬಲ್ಲವನಾದ, ಆ ಮಾತನ್ನು ನಡೆಸಿಯೂ ಕೊಟ್ಟ.

ಬಂಧುಗಳೇ, ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಹೆಣ್ಣಿಗೂ ಗಂಡಿಗೂ ಸಮಾನವಾಗಿ ಲಿಂಗವನ್ನು ಕೊಟ್ಟು, ಅನುಭವ ಮಂಟಪದಲ್ಲಿ ಸಮಾನವಾದ ಆಸನ ಕೊಟ್ಟವರು ಹನ್ನೆರಡನೆಯ ಶತಮಾನದ ಶರಣರು. ಅವರ ಮಾರ್ಗವನ್ನು ನೆಚ್ಚಿದ ಅರಸನ ರಾಜಧಾನಿಯಲ್ಲಿಯೇ ಒಬ್ಬ ಬಡ ತಾಯಿ ಚಿತೆಯೇರಲು ಹೊರಟಿದ್ದಳು. ಊರವರಿಗೆ ಅದು ಸಂಪ್ರದಾಯ, ಹೊರಗಿನಿಂದ ಬಂದವನಿಗೆ ಸಂಕಟ. ಆಕೆಯ ಹೆಸರನ್ನು ನಮಗೆ ತಲುಪಿಸಿದುದು ಆ ಹೊರಗಿನವನ ಪತ್ರ. ಇಂಗ್ಲಿಷ್ ಆಳಿಕೆಯ ಬಂಗಾಳದಲ್ಲಿ ಈ ಪದ್ಧತಿಯ ಮೇಲೆ ನಿಷೇಧ ಬಂದುದು 1829ರಲ್ಲಿ, ಎಂದರೆ ಎರಡು ಶತಮಾನಗಳು ಕಳೆದ ಮೇಲೆ. ತತ್ತ್ವ ನಮ್ಮಲ್ಲಿದೆ ಎಂಬ ಹೆಮ್ಮೆ ಸಾಲದು, ಆ ತತ್ತ್ವ ಬೀದಿಯಲ್ಲಿ ನಡೆಯುತ್ತಿದೆಯೇ ಎಂಬುದನ್ನು ಅತಿಥಿ ಕಾಣುತ್ತಾನೆ.

ಎರಡು ಹೊಳೆಗಳ ನಡುವಿನ ಊರು

ಇಕ್ಕೇರಿಯಿಂದ ಘಟ್ಟ ಇಳಿದು ಬಸರೂರಿನ ಮೂಲಕ ಡೆಲ್ಲಾ ವಾಲೆ ಮಂಗಳೂರಿಗೆ ಬಂದ. 1623ರ ಡಿಸೆಂಬರ್ 9ರ ಪತ್ರವನ್ನು ಆತ ಇಲ್ಲಿಂದಲೇ ಬರೆದ. ಊರಿನ ನೆಲೆಯನ್ನು ಆತ ವರ್ಣಿಸಿದ ಬಗೆ ಇಂದಿನ ಭೂಪಟಕ್ಕೂ ಹೊಂದುತ್ತದೆ. ಉತ್ತರದಿಂದ ಒಂದು ಹೊಳೆ, ದಕ್ಷಿಣದಿಂದ ಒಂದು ಹೊಳೆ. ಎರಡೂ ಕಡಲಿಗೆ ಸೇರುವ ಮೊದಲು ಕೂಡಿ, ಉಪ್ಪುನೀರು ತುಂಬಿದ ವಿಶಾಲವಾದ ಕೊಲ್ಲಿಯಂತಾಗಿ, ಒಂದೇ ಬಾಯಿಯಿಂದ ಸಮುದ್ರಕ್ಕೆ ಇಳಿಯುತ್ತವೆ. ಆಚೆ ದಡದಲ್ಲಿ ಉಳ್ಳಾಲ. ಉತ್ತರದ ಹೊಳೆ ಗುರುಪುರ ನದಿ, ಅದನ್ನೇ ಫಲ್ಗುಣಿ ಎನ್ನುತ್ತಾರೆ. ದಕ್ಷಿಣದ್ದು ನೇತ್ರಾವತಿ. ಕುದುರೆಮುಖದ ಸೀಮೆಯಲ್ಲಿ ಹುಟ್ಟಿ, ಧರ್ಮಸ್ಥಳದ ಬದಿಯಲ್ಲಿ ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಅದು ಇಲ್ಲಿಗೆ ಬರುತ್ತದೆ. ಎರಡು ನೀರು ಕೂಡುವ ಸ್ಥಳದ ಮಹಿಮೆಯನ್ನು ಕೂಡಲಸಂಗಮದ ಭಕ್ತರಿಗೆ ಬಿಡಿಸಿ ಹೇಳಬೇಕಿಲ್ಲ.

ಆತನನ್ನು ಇಕ್ಕೇರಿಗೆ ಒಯ್ದ ರಾಯಭಾರದ ಮೂಲವೂ ಈ ಹೊಳೆಗಳಲ್ಲಿಯೇ ಇತ್ತು. ಉಳ್ಳಾಲದ ಚೌಟ ರಾಣಿ ಅಬ್ಬಕ್ಕದೇವಿಗೂ ಆಕೆಯ ಗಂಡ ಬಂಗರಸನಿಗೂ ಮನಸ್ತಾಪ ಬೆಳೆದು, ಆಕೆ ಆತನನ್ನು ತ್ಯಜಿಸಿ ಆತನ ಒಡವೆಗಳನ್ನು ಹಿಂದಿರುಗಿಸಿದಳು. ಒಂದು ದಿನ ಆಕೆ ದೋಣಿಯಲ್ಲಿ ಹೊಳೆಯ ಮೇಲೆ ಹೋಗುತ್ತಿದ್ದಾಗ ಆತ ಉಪಾಯದಿಂದ ಸೆರೆಹಿಡಿದ. ಆಕೆ ಮಾತಿನ ಚಾತುರ್ಯದಿಂದ ಬಿಡಿಸಿಕೊಂಡು ಬಂದು ಯುದ್ಧ ಹೂಡಿದಳು. ಬಂಗರಸ ಪೋರ್ಚುಗೀಸರ ನೆರವು ಬೇಡಿದ, ರಾಣಿ ವೆಂಕಟಪ್ಪ ನಾಯಕನ ನೆರವು ಬೇಡಿದಳು. ನಾಯಕನ ಸೈನ್ಯ ಗೆದ್ದಿತು. ಡೆಲ್ಲಾ ವಾಲೆ ಇದನ್ನೆಲ್ಲ ಇಲ್ಲಿಯ ಜನರಿಂದ ಕೇಳಿ ಬರೆದುಕೊಂಡು, ಆ ರಾಣಿಯನ್ನು ಕಾಣಲೇಬೇಕೆಂದು ಹೊರಟ. ಉಳ್ಳಾಲಕ್ಕೆ ದೋಣಿಯಲ್ಲಿ ದಾಟಿದ. ಆಕೆ ಮಣೇಲಿನಲ್ಲಿರುವಳೆಂದು ತಿಳಿದು ಅಲ್ಲಿಗೂ ಹೋದ. ಮಳಲಿಯ ಬಳಿ, ಗುರುಪುರ ಹೊಳೆಯ ಸೀಮೆಯಲ್ಲಿ ಇಂದೂ ಮಣೇಲು ಎಂಬ ಊರಿದೆ.

ಅರಮನೆಯಲ್ಲಿ ಸಿಂಹಾಸನದ ಮೇಲೆ ಕುಳಿತ ರಾಣಿಯನ್ನು ನಿರೀಕ್ಷಿಸಿದ್ದವನಿಗೆ ಆಕೆ ಎದುರಾದುದು ದಾರಿಯಲ್ಲಿ. ಬರಿಗಾಲಿನಲ್ಲಿ, ಸರಳವಾದ ಬಿಳಿಯ ಹತ್ತಿಬಟ್ಟೆ ಉಟ್ಟು, ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯನ್ನು ನೋಡಲು ಆಕೆ ನಡೆದು ಹೊರಟಿದ್ದಳು. ಉಡುಗೆಯಿಂದ ಅಡುಗೆಮನೆಯ ಆಳಿನಂತೆ ಕಂಡರೂ, ಮಾತನಾಡಿದಾಗ ರಾಣಿಯೆಂಬುದು ಸ್ಪಷ್ಟವಾಯಿತು ಎಂಬುದು ಆತನ ಅಭಿಪ್ರಾಯ. ನಮ್ಮ ಈ ಕಾಡುಗಳಿಗೆ ಏಕೆ ಬಂದೆ ಎಂಬ ಅರ್ಥದಲ್ಲಿ ಆಕೆ ಕೇಳಿದಳು. ಕಂಡ ದೇಶಗಳನ್ನು ವಿಚಾರಿಸಿದಳು. ಮರಕ್ಕೂ ಮೆಣಸಿಗೂ ಬಾರದೆ ಬರಿದೆ ನೋಡಲು ಬಂದವನು ಆಕೆಗೆ ಸೋಜಿಗವಾಗಿ ಕಂಡಿರಬೇಕು. ಬಳಿಕ ಆಕೆಯ ಮಗ ಅತಿಥಿಯನ್ನು ಅರಮನೆಗೆ ಕರೆಸಿ, ಬಾಳೆಯೆಲೆಯ ಮೇಲೆ ಅನ್ನ ಬಡಿಸಿ, ತಾನು ಹತ್ತಿರ ಕುಳಿತು ಮಾತನಾಡಿಸಿದ. ಎಲೆ ಹಾಕಿ ಬಡಿಸಿ, ಉಣ್ಣುವವನ ಬಳಿ ಕುಳಿತು ಮಾತನಾಡುವ ಆ ಮರ್ಯಾದೆ ಇಂದೂ ತುಳುನಾಡಿನ ಮನೆಗಳಲ್ಲಿ ಉಳಿದಿದೆ. ಘಟ್ಟದಿಂದ ಬಂದ ನಾವು ಅದನ್ನು ಉಂಡು ಬಲ್ಲೆವು.

ಕದ್ರಿಗೂ ಆತ ಹೋದ. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹದ ಶಾಸನ ಕ್ರಿ.ಶ. 968ರದು. ಎಂದರೆ ಡೆಲ್ಲಾ ವಾಲೆ ಬಂದಾಗಲೇ ಆ ಕ್ಷೇತ್ರಕ್ಕೆ ಆರು ನೂರು ವರ್ಷಗಳಿಗೂ ಮೀರಿದ ಇತಿಹಾಸವಿತ್ತು. ಜೋಗಿಗಳ ಅರಸನೆಂದು ಜನ ಕರೆಯುತ್ತಿದ್ದ ಮಠದ ಹಿರಿಯನನ್ನು ಆತ ಕಂಡು ಮಾತನಾಡಿದ. ಆ ಜೋಗಿ ಮಠ ಇಂದೂ ಇದೆ. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕದ ಕಡೆಯಿಂದ ನಾಥಪಂಥದ ಸಾಧುಗಳ ತಂಡ ಕಾಲ್ನಡಿಗೆಯಲ್ಲಿ ಬಂದು ಹೊಸ ಮುಖ್ಯಸ್ಥರಿಗೆ ಪಟ್ಟ ಕಟ್ಟುವ ಪದ್ಧತಿ ನಡೆದು ಬಂದಿದೆ. ಬಾವುಟದ ಹಿಂದೆ ನಡೆಯುವ ವಿಹಾರನೌಕೆಯ ಅತಿಥಿಗಳು ಕದ್ರಿಗೆ ಬಂದು ಹೋಗುವುದು ಈ ಮಠದ ಆಸುಪಾಸಿನಲ್ಲಿಯೇ.

ನಾವು ದಾಟಿದ ನೀರು

ಇಂದು ಈ ನೀರಿನ ದಾರಿ ಎಷ್ಟು ಉಳಿದಿದೆ ಎಂದು ತಿಳಿಯಲು ನಾವು ನಾಲ್ಕು ಮನೆಯವರು ಮಕ್ಕಳನ್ನು ಕೂಡಿಕೊಂಡು ಹೊರಟೆವು. ಬೋಳೂರಿನ ಸುಲ್ತಾನ್ ಬತ್ತೇರಿ ಮೊದಲನೆಯ ತಾಣ. ಹೊಳೆಗೆ ಶತ್ರುವಿನ ಯುದ್ಧನೌಕೆ ನುಗ್ಗದಂತೆ ಕಾಯಲು 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಕರಿಯ ಕಲ್ಲಿನ ಕಾವಲು ಬುರುಜು ಅದು. ತುಪಾಕಿ ಚಾಚುವ ಕಿಂಡಿಗಳ ಮೂಲಕ ನೋಡಿದರೆ ಫಲ್ಗುಣಿ ಹರಿಯುತ್ತಿದೆ. ಅಲ್ಲಿಂದ ತಣ್ಣೀರುಬಾವಿಯ ದಡಕ್ಕೆ ಯಾಂತ್ರಿಕ ದೋಣಿಯಲ್ಲಿ ಕೆಲವೇ ನಿಮಿಷಗಳ ಪಯಣ. ಈ ಕಡೆ ಹೊಳೆಯ ಸಿಹಿ–ಉಪ್ಪು ಬೆರೆತ ಶಾಂತ ನೀರು. ಆ ಕಡೆ ಮರಳಿನ ಕಿರಿದಾದ ಪಟ್ಟಿಯನ್ನು ದಾಟಿದರೆ ಅಬ್ಬರಿಸುವ ಅರಬ್ಬೀ ಸಮುದ್ರ.

ಆ ಮರಳಿನ ಪಟ್ಟಿಯೇ ದಕ್ಷಿಣಕ್ಕೆ ಚಾಚಿ ಬೆಂಗರೆಯಾಗುತ್ತದೆ. ಹಳೆಯ ಬಂದರಿನಿಂದ ಬೆಂಗರೆಗೆ ದಾಟುವ ದೋಣಿ ಪ್ರವಾಸಿಗರದಲ್ಲ, ಅಲ್ಲಿಯ ನಿವಾಸಿಗಳ ನಿತ್ಯದ ದಾರಿ. ಶಾಲೆಯ ಮಕ್ಕಳು, ಮೀನು ಮಾರುವ ತಾಯಂದಿರು, ಸೈಕಲ್ ಹಿಡಿದವರು, ಅಕ್ಕಿಯ ಚೀಲ ಹೊತ್ತವರು ಎಲ್ಲರೂ ಒಂದೇ ಹಲಗೆಯ ಮೇಲೆ. ನಮ್ಮ ಮಕ್ಕಳು ಮೊದಲು ಹೆದರಿದರು, ಆಮೇಲೆ ಎದ್ದು ನಿಂತರು. ದೋಣಿ ನಡೆಸುವ ಹಿರಿಯರು ದಕ್ಷಿಣಕ್ಕೆ ಕೈಚಾಚಿ ಅಳಿವೆಬಾಗಿಲನ್ನು ತೋರಿಸಿದರು. ಮಳೆಗಾಲದಲ್ಲಿ ಮೇಲಿನಿಂದ ಬರುವ ಕೆಂಪು ನೀರಿಗೂ ಕಡಲಿಗೂ ಅಲ್ಲಿ ನಡೆಯುವ ಕಾಳಗವನ್ನು ನಾಲ್ಕೇ ಮಾತಿನಲ್ಲಿ ವಿವರಿಸಿದರು. ಬಾಗಿಲಿನ ಆಚೆಗಿನ ದಡ ಉಳ್ಳಾಲದ ಕೋಟೆಪುರ. ಡೆಲ್ಲಾ ವಾಲೆ ದಾಟಿದ ನೀರು ಇದೇ ಎಂದು ಮಕ್ಕಳಿಗೆ ಹೇಳಿದಾಗ ಒಬ್ಬ ಬಾಲಕಿ, ಜಕ್ಕಮ್ಮನ ಮಕ್ಕಳು ಆಮೇಲೆ ಏನಾದರು ಎಂದು ಕೇಳಿದಳು. ನಮ್ಮಲ್ಲಿ ಯಾರೂ ಮಾತನಾಡಲಿಲ್ಲ.

ಒಂದು ಕಾಲಕ್ಕೆ ಈ ಹೊಳೆಗಳೇ ಜಿಲ್ಲೆಯ ಹೆದ್ದಾರಿಗಳಾಗಿದ್ದವು. ನೇತ್ರಾವತಿಯಲ್ಲಿ ಪಾಣೆಮಂಗಳೂರು, ಬಂಟ್ವಾಳದವರೆಗೆ ಸರಕಿನ ದೋಣಿಗಳು ಹೋಗುತ್ತಿದ್ದವು. ಘಟ್ಟದ ಮೇಲಿನಿಂದ ಬಂದ ಧಾನ್ಯ ಅಲ್ಲಿ ದೋಣಿಗೆ ಇಳಿಯುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ, ಮಂಗಳೂರು ಹೆಂಚಿಗೆ ಬೇಕಾದ ಜೇಡ ದೋಣಿಯಲ್ಲಿ ಬಂದಿತು, ಸುಟ್ಟ ಹೆಂಚು ದೋಣಿಯಲ್ಲಿ ಹೊರಟಿತು. ನಮ್ಮ ಮಲೆನಾಡು, ಬಯಲುಸೀಮೆಗಳ ಎಷ್ಟೋ ಮನೆಗಳ ಸೂರಿನಲ್ಲಿ ಈ ಹೊಳೆಗಳ ಮಣ್ಣಿದೆ. 1907ರಲ್ಲಿ ರೈಲು ಬಂದಿತು, ಬಳಿಕ ಲಾರಿಗಳು ಬಂದವು, ಪಣಂಬೂರಿನಲ್ಲಿ ಹೊಸ ಬಂದರಾಯಿತು. ಹೊಳೆ ಮೀನುಗಾರರ ಪಾಲಿಗೆ, ಲಕ್ಷದ್ವೀಪಕ್ಕೆ ಸರಕು ಒಯ್ಯುವ ನೌಕೆಗಳ ಪಾಲಿಗೆ ಉಳಿಯಿತು. 2016ರ ರಾಷ್ಟ್ರೀಯ ಜಲಮಾರ್ಗ ಕಾಯಿದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿದಾಗ ಗುರುಪುರ ನದಿಗೆ 43ನೆಯ, ನೇತ್ರಾವತಿಗೆ 74ನೆಯ ಸಂಖ್ಯೆ ದೊರಕಿತು. ಕಾಯಿದೆಯಲ್ಲಿ ಹೆಸರು ಬಂದ ನದಿಗಳು ಜನರ ಬದುಕಿನಲ್ಲಿಯೂ ಮತ್ತೆ ದಾರಿಯಾಗಬೇಕಾದರೆ, ಮೊದಲು ನಾವು ಅವುಗಳಿಗೆ ಕಸವನ್ನೂ ಕೊಳಚೆಯನ್ನೂ ಅರ್ಪಿಸುವುದು ನಿಲ್ಲಬೇಕು.

ಊರಿನೊಳಗೆ ಬಂದರೆ ಹಂಪನಕಟ್ಟೆಯಲ್ಲಿ ಮಿಲಾಗ್ರಿಸ್ ಚರ್ಚು ಇದೆ. ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ 1680ರಲ್ಲಿ ಅದನ್ನು ಸ್ಥಾಪಿಸಿದಾಗ ಭೂಮಿ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮಾಜಿ ಎಂದು ಆ ಚರ್ಚಿನ ಇತಿಹಾಸ ಹೇಳುತ್ತದೆ. ನೀರಿನ ದಾರಿಯಲ್ಲಿ ಬಂದವರ ಮತಕ್ಕೂ ನೆಲ ಕೊಟ್ಟ ಲಿಂಗವಂತ ರಾಣಿಯ ಔದಾರ್ಯ ಊರಿನ ನಡುವೆಯೇ ನಿಂತಿದೆ. ಆ ರಸ್ತೆಯಲ್ಲಿ ದಿನವೂ ಓಡಾಡುವ ನಮ್ಮ ಮನೆಗಳ ಮಕ್ಕಳಲ್ಲಿ ಎಷ್ಟು ಮಂದಿಗೆ ಅದು ಗೊತ್ತು? ಇಕ್ಕೇರಿಯ ಜಕ್ಕಮ್ಮನ ಕಥೆಯನ್ನು ಮರೆಯಬಾರದಷ್ಟೇ ಚೆನ್ನಮ್ಮಾಜಿಯ ಈ ದಾನವನ್ನೂ ಮರೆಯಬಾರದು. ಎರಡನ್ನೂ ಒಟ್ಟಿಗೆ ಹೇಳಬಲ್ಲವನು ಮಾತ್ರ ಅತಿಥಿಗೆ ತನ್ನ ನಾಡನ್ನು ತೋರಿಸಬಲ್ಲನು.

ಹೊರಡುವವರಿಗೆ ಎರಡು ಮಾತು

ನಮ್ಮ ಕುಟುಂಬಗಳು ಈಗ ದೂರದ ದೇಶಗಳಿಗೂ ಹೋಗುತ್ತಿವೆ. ವೋಲ್ಗಾದ ಮೇಲೆ ತೇಲುವ ಭಾಗ್ಯ ಕೆಲವರಿಗೆ ಒದಗೀತು. ಹೋಗಿ ಬನ್ನಿ. ಹೋದಲ್ಲಿ ಒಂದು ಮರಳಿನ ಪಾಠಶಾಲೆಯ ಮುಂದೆ ನಿಲ್ಲುವಷ್ಟು ಪುರುಸೊತ್ತು ಇಟ್ಟುಕೊಳ್ಳಿ. ಒಬ್ಬ ಅಪರಿಚಿತನ ಹೆಸರನ್ನು ಕೇಳಿ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ಭಾವಚಿತ್ರದೊಡನೆ ಆ ಹೆಸರನ್ನೂ ಹೇಳಿ.

ಅಷ್ಟು ದೂರ ಹೋಗಲಾಗದವರು ಬರುವ ದಸರೆಯ ರಜೆಯಲ್ಲಿ ಮಂಗಳೂರಿಗೆ ಬನ್ನಿ. ಮಳೆ ನಿಂತು ಹೊಳೆ ತಿಳಿಯಾಗಿರುತ್ತದೆ. ಮಕ್ಕಳನ್ನು ಮೊದಲು ದೋಣಿ ಹತ್ತಿಸಿ, ಅಂಗಡಿ ಬೀದಿ ಆಮೇಲೆ ಇರಲಿ. ದೋಣಿಯವರನ್ನು ಅಣ್ಣ ಎಂದು ಕರೆದು ನೀರಿನ ಸುದ್ದಿ ಕೇಳಿ, ಅವರು ಸಂತೋಷದಿಂದ ಹೇಳುತ್ತಾರೆ. ಕದ್ರಿಯಲ್ಲಿ ಪರದೇಶದವರು ಕಂಡರೆ ಒಂದು ನಮಸ್ಕಾರ ಮಾಡಿ, ಕೇಳಿದರೆ ಉತ್ತರಿಸಲು ಸಿದ್ಧರಾಗಿರಿ. ಉತ್ತರ ಗೊತ್ತಿರಬೇಕಾದರೆ ನಮ್ಮ ಊರನ್ನು ನಾವೇ ಮೊದಲು ಒಬ್ಬ ಅತಿಥಿಯಂತೆ ನೋಡಿರಬೇಕು. ಬಂದವನು ನಾಳೆ ನಮ್ಮ ವಿಷಯ ಏನು ಬರೆಯುವನೋ ನಾವು ಅರಿಯೆವು. ಬರೆಯಲು ಯೋಗ್ಯವಾದ ಬಾಳು ನಮ್ಮದಾಗಿರುವಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಶರಣು.